ಬೇರನ್ನು ಹೊತ್ತವರು ನಾವಲ್ಲ

2025ರ ಜೂನ್‌ನಲ್ಲಿ ಅಮೆರಿಕದ ಸೆನೆಟರ್ ಟೆಡ್ ಕ್ರೂಜ್ ಅವರನ್ನು ಅಲ್ಲಿನ ಹೆಸರಾಂತ ನಿರೂಪಕ ಟಕರ್ ಕಾರ್ಲ್‌ಸನ್ ಸಂದರ್ಶನ ಮಾಡಿದರು. ಇಸ್ರೇಲಿಗೆ ಇಷ್ಟೊಂದು ಬೆಂಬಲ ಯಾಕೆ ಎಂಬ ಮಾತು ಬಂದಾಗ ಕ್ರೂಜ್ ತಾವು ಸಂಡೇ ಸ್ಕೂಲಿನಲ್ಲಿ ಕಲಿತದ್ದನ್ನು ಹೇಳಿದರು. ಇಸ್ರೇಲನ್ನು ಆಶೀರ್ವದಿಸುವವರಿಗೆ ಆಶೀರ್ವಾದ, ಶಪಿಸುವವರಿಗೆ ಶಾಪ. ಅದು ಬೈಬಲಿನಲ್ಲಿ ಎಲ್ಲಿದೆ ಎಂದು ಕಾರ್ಲ್‌ಸನ್ ಕೇಳಿದರು. ಕ್ರೂಜ್‌ಗೆ ವಚನ ನೆನಪಾಗಲಿಲ್ಲ. ಆ ತುಣುಕು ಲೋಕವೆಲ್ಲ ಓಡಾಡಿತು.

ವಚನ ಇರುವುದು ಆದಿಕಾಂಡ 12:3ರಲ್ಲಿ. ಆದರೆ ಅಲ್ಲಿ ದೇವರು ಮಾತಾಡುತ್ತಿರುವುದು ಅಬ್ರಾಮನ ಜೊತೆ, ಮುಂದೆ ಅಬ್ರಹಾಮ ಎನಿಸಿಕೊಂಡವನ ಜೊತೆ. ಇಸ್ರೇಲ್ ಎಂಬ ಹೆಸರೇ ಆಗಿನ್ನೂ ಇರಲಿಲ್ಲ. ಅದು ಮುಂದೆ ಅವನ ಮೊಮ್ಮಗ ಯಾಕೋಬನಿಗೆ ಬಂದ ಹೆಸರು. ಅದೇ ವಚನ ಮುಗಿಯುವುದು ಭೂಮಿಯ ಎಲ್ಲ ಕುಲಗಳಿಗೂ ನಿನ್ನ ಮೂಲಕ ಆಶೀರ್ವಾದ ಸಿಗುತ್ತದೆ ಎಂಬ ಮಾತಿನಿಂದ. ಹಾಗಂತ ಕ್ರೂಜ್ ಮಾತಿಗೆ ಆಧಾರವೇ ಇಲ್ಲ ಎನ್ನುವಂತಿಲ್ಲ. ಅರಣ್ಯಕಾಂಡ 24ರಲ್ಲಿ ಬಿಳಾಮ ಎಂಬ ಪ್ರವಾದಿ ಇಂಥದ್ದೇ ಮಾತನ್ನು ಇಸ್ರೇಲ್ ಜನರ ಕುರಿತೇ ಹೇಳುತ್ತಾನೆ. ಇನ್ನು ಅಪೊಸ್ತಲ ಪೌಲ ಗಲಾತ್ಯದವರಿಗೆ ಬರೆಯುವಾಗ, ಅಬ್ರಹಾಮನ ಸಂತತಿ ಎಂದರೆ ಕ್ರಿಸ್ತನೇ ಎನ್ನುತ್ತಾನೆ. ಒಂದೇ ವಾಗ್ದಾನಕ್ಕೆ ಬೈಬಲಿನೊಳಗೇ ಇಷ್ಟು ಓದುಗಳಿವೆ.

ಇದು ಬರೀ ಅಮೆರಿಕದ ರಾಜಕೀಯ ಅಲ್ಲ. ಯೆಹೂದ್ಯರು ಯಾರು, ಸಭೆ (ಅಂದರೆ ಚರ್ಚು, ಕ್ರೈಸ್ತ ಸಮುದಾಯ) ಯಾರು, ಇಬ್ಬರಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಭೆ ಹುಟ್ಟಿದ ದಿನದಿಂದಲೂ ಅದರ ಜೊತೆಗಿದೆ. ಗಾಜಾ ಯುದ್ಧ ಅದನ್ನು ಮತ್ತೆ ಎದುರಿಗೆ ತಂದು ನಿಲ್ಲಿಸಿದೆ. ನಮ್ಮ ಕಡೆ ಕೆಲವು ಸಭೆಗಳಲ್ಲಿ ಇಸ್ರೇಲಿನ ಬಾವುಟ ಕಾಣುತ್ತದೆ. ದಕ್ಷಿಣ ಕನ್ನಡ, ಉಡುಪಿ ಕಡೆಯ ಎಷ್ಟೋ ಮನೆಗಳವರು ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಹಾಗಾಗಿ ದೂರದ ಮಾತು ಎಂದು ಬಿಡುವಂತಿಲ್ಲ.

ಚಿಕ್ಕವನಿದ್ದಾಗ ಕನ್ನಡ ಬೈಬಲಿನಲ್ಲಿ 'ಅನ್ಯಜನರು' ಎಂದು ಬಂದಾಗಲೆಲ್ಲ ನಾನು ಅದು ಬೇರೆ ಯಾರೋ ಅಂದುಕೊಂಡಿದ್ದೆ. ಕ್ರೈಸ್ತರಲ್ಲದವರು, ಹೊರಗಿನವರು ಅಂತ. ಈಗಲೂ ಎಷ್ಟೋ ಜನ ಹಾಗೇ ಓದುತ್ತಾರೆ. ಆದರೆ ಆ ಪದದ ಹಿಂದಿರುವುದು ಹೀಬ್ರೂವಿನ 'ಗೋಯಿಮ್', ಗ್ರೀಕಿನ 'ಎಥ್ನೆ'. ಅರ್ಥ, ಜನಾಂಗಗಳು. ಯೆಹೂದ್ಯರಲ್ಲದ ಎಲ್ಲರೂ. ಅಂದರೆ ಮೈಸೂರಿನ, ಮಂಗಳೂರಿನ, ಬಳ್ಳಾರಿಯ ಕ್ರೈಸ್ತರು ಆ ಪುಸ್ತಕದ ಲೆಕ್ಕದಲ್ಲಿ ಅನ್ಯಜನರು. ನಾನೂ ಅನ್ಯಜನ. ಇದೊಂದು ತಿಳಿದ ಮೇಲೆ ಹೊಸ ಒಡಂಬಡಿಕೆಯನ್ನು ಓದುವ ಕಣ್ಣೇ ಬದಲಾಗುತ್ತದೆ.

ಯೇಸು ಯೆಹೂದ್ಯ. ಮರಿಯಳು ಯೆಹೂದ್ಯಳು. 12 ಮಂದಿ ಶಿಷ್ಯರು, ಪೌಲ, ಎಲ್ಲರೂ ಯೆಹೂದ್ಯರು. ಮೊದಲ ಸಭೆ ಜೆರುಸಲೇಮಿನ ದೇವಾಲಯಕ್ಕೆ ಹೋಗಿ ಪ್ರಾರ್ಥಿಸುತ್ತಿತ್ತು. ಆಗ ಯಾರೂ 'ಯೆಹೂದ್ಯರಿಗೆ ದೇವರ ಮನೆಯಲ್ಲಿ ಜಾಗ ಇದೆಯಾ' ಎಂದು ಕೇಳಲಿಲ್ಲ. ಕೇಳಿದ್ದು ಉಲ್ಟಾ. ನಮ್ಮಂಥವರನ್ನು ಒಳಗೆ ಬಿಡಬಹುದಾ, ಬಿಟ್ಟರೆ ಯಾವ ಷರತ್ತಿನ ಮೇಲೆ?

ಅಪೊಸ್ತಲರ ಕೃತ್ಯಗಳು 10ನೇ ಅಧ್ಯಾಯದಲ್ಲಿ ಯೇಸುವಿನ ಶಿಷ್ಯ ಪೇತ್ರ ಯೊಪ್ಪದ ಒಂದು ಮನೆಯ ಮಾಳಿಗೆಯ ಮೇಲೆ ಹಸಿದು ಕೂತಿರುತ್ತಾನೆ. ದರ್ಶನದಲ್ಲಿ ಧರ್ಮಶಾಸ್ತ್ರ ತಿನ್ನಬಾರದು ಎಂದ ಪ್ರಾಣಿಗಳು ಕಾಣುತ್ತವೆ. ತಿನ್ನು ಎಂಬ ಧ್ವನಿ ಕೇಳುತ್ತದೆ. ಅಷ್ಟರಲ್ಲಿ ಕೈಸರೈಯದಿಂದ ಕೊರ್ನೇಲ್ಯನ ಆಳುಗಳು ಬಾಗಿಲಿಗೆ ಬರುತ್ತಾರೆ. ಕೊರ್ನೇಲ್ಯ ರೋಮನ್ ಸೈನ್ಯದ ಶತಾಧಿಪತಿ, ಅನ್ಯಜನ. ಪೇತ್ರ ಅವನ ಮನೆಯೊಳಗೆ ಹೋಗುತ್ತಾನೆ. ಹಿಂತಿರುಗಿದಾಗ ಜೆರುಸಲೇಮಿನವರು ಆಕ್ಷೇಪಿಸಿದ್ದು ಏನನ್ನು ಗೊತ್ತಾ? ನೀನು ಸುನ್ನತಿಯಿಲ್ಲದವರ ಮನೆಗೆ ಹೋಗಿ ಅವರ ಸಂಗಡ ಊಟ ಮಾಡಿದೆ ಎಂದು.

ಊಟ. ಪಂಕ್ತಿಯ ಜಗಳ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ರಿ.ಶ. ಸುಮಾರು 49ರಲ್ಲಿ ಜೆರುಸಲೇಮಿನಲ್ಲಿ ಹಿರಿಯರು ಸೇರಿ ತೀರ್ಮಾನ ಮಾಡಿದರು. ಅನ್ಯಜನರು ಸುನ್ನತಿ ಮಾಡಿಸಿಕೊಳ್ಳಬೇಕಾಗಿಲ್ಲ, ಯೆಹೂದ್ಯರಾಗಬೇಕಾಗಿಲ್ಲ. ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಹಾದರ, ಇವಿಷ್ಟನ್ನು ಬಿಟ್ಟರೆ ಸಾಕು. ಆದರೂ ಅಂತಿಯೋಕ್ಯದಲ್ಲಿ ಅದೇ ಪೇತ್ರ, ಜೆರುಸಲೇಮ್ ಸಭೆಯ ಮುಖಂಡ ಯಾಕೋಬನ ಕಡೆಯವರು ಬಂದಾಗ ಹೆದರಿ ಅನ್ಯಜನರ ಊಟದಿಂದ ಹಿಂದೆ ಸರಿದ. ಪೌಲನ ಸಂಗಡಿಗ ಬಾರ್ನಬನೂ ಅವನ ಜೊತೆ ಎದ್ದ. ಪೌಲ ಎಲ್ಲರ ಮುಂದೆಯೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಜಾತಿ ನೋಡಿ ಸ್ಮಶಾನ, ಬೆಂಚು ಬೇರೆ ಮಾಡಿದ ಸಭೆಗಳು ನಮ್ಮ ದೇಶದಲ್ಲೂ ಇವೆ. ಅವು ಈ ಪ್ರಸಂಗವಿರುವ ಗಲಾತ್ಯ 2ನೇ ಅಧ್ಯಾಯವನ್ನು ಹೇಗೆ ಓದುತ್ತವೋ ನನಗೆ ಅರ್ಥವಾಗುವುದಿಲ್ಲ.

ಇನ್ನೊಂದು ಚಿತ್ರ ನನ್ನ ಮನಸ್ಸಿನಲ್ಲಿ ಉಳಿದಿದೆ. ಜೆರುಸಲೇಮಿನ ದೇವಾಲಯದಲ್ಲಿ ಅನ್ಯಜನರು ನಿಲ್ಲಬೇಕಾದ ಜಾಗಕ್ಕೆ ಒಂದು ತಡೆಗೋಡೆ ಇತ್ತು. ಅದರ ಮೇಲೆ ಗ್ರೀಕ್ ಭಾಷೆಯ ಕಲ್ಲು. ಪರದೇಶದವನು ಇದನ್ನು ದಾಟಿದರೆ ಅವನ ಸಾವಿಗೆ ಅವನೇ ಹೊಣೆ ಎಂದು ಅದರಲ್ಲಿ ಕೆತ್ತಿದ್ದರು. 1871ರಲ್ಲಿ ಆ ಕಲ್ಲು ಸಿಕ್ಕಿತು. ಈಗ ಇಸ್ತಾಂಬುಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಎಫೆಸದ ತ್ರೊಫಿಮ ಎಂಬ ಅನ್ಯಜನನನ್ನು ಪೌಲ ಒಳಗೆ ಕರೆದೊಯ್ದ ಎಂಬ ಗುಮಾನಿಯಿಂದಲೇ ಗಲಭೆಯಾಗಿ ಪೌಲನ ಬಂಧನವಾಯಿತು. ಅಡ್ಡಗೋಡೆಯನ್ನು ಕ್ರಿಸ್ತ ಕೆಡವಿದ್ದಾನೆ, ಇಬ್ಬರನ್ನೂ ಒಂದು ಮಾಡಿದ್ದಾನೆ ಎಂಬ ಮಾತಿರುವುದೂ ಎಫೆಸದವರಿಗೆ ಬರೆದ ಪತ್ರದಲ್ಲೇ.

ಇನ್ನು ರೋಮಾಪುರ. ಇಡೀ ವಿಷಯದ ಬೀಗದ ಕೈ ಇರುವುದು ಅಲ್ಲಿ.

ಸುಮಾರು 49ರಲ್ಲಿ ಚಕ್ರವರ್ತಿ ಕ್ಲೌದ್ಯ ಯೆಹೂದ್ಯರನ್ನು ರೋಮಿನಿಂದ ಹೊರಗೆ ಹಾಕಿದ. 54ರಲ್ಲಿ ಅವನು ಸತ್ತ ಮೇಲೆ ಅವರು ವಾಪಸ್ ಬರತೊಡಗಿದರು. ಈ ನಡುವೆ ಅಲ್ಲಿನ ಸಭೆ ಬಹುಮಟ್ಟಿಗೆ ಅನ್ಯಜನರ ಕೈಗೆ ಬಂದಿತ್ತು. ಹಿಂತಿರುಗಿದ ಯೆಹೂದ್ಯ ವಿಶ್ವಾಸಿಗಳು ತಾವು ಕಟ್ಟಿದ ಸಭೆಯಲ್ಲೇ ನೆಂಟರಂತೆ ನಿಲ್ಲಬೇಕಾಯಿತು ಎಂದು ಎಷ್ಟೋ ವಿದ್ವಾಂಸರು ಊಹಿಸುತ್ತಾರೆ. ಸುಮಾರು 57ರಲ್ಲಿ ಪೌಲ ಕೊರಿಂಥದಿಂದ ರೋಮಿನವರಿಗೆ ಪತ್ರ ಬರೆದ. ಅದರ 9ರಿಂದ 11ನೇ ಅಧ್ಯಾಯಗಳು ಈ ಬಿಕ್ಕಟ್ಟಿನ ಬಗ್ಗೆಯೇ ಇವೆ. ಅಲ್ಲಿ ಅವನು ಎಣ್ಣೆಮರದ ಹೋಲಿಕೆ ಕೊಡುತ್ತಾನೆ. ಎಣ್ಣೆಮರ ಎಂದರೆ ಆಲಿವ್ ಮರ.

ಮಾವಿನ ಕಸಿ ನೋಡಿದವರಿಗೆ ಈ ಹೋಲಿಕೆ ಬೇಗ ತಾಗುತ್ತದೆ. ನಾವು ನಾಟಿ ಮಾವಿನ ಓಟೆಯಿಂದ ಸಸಿ ಬೆಳೆಸುತ್ತೇವೆ. ಅದರ ಮೇಲೆ ಬಾದಾಮಿಯದ್ದೋ ಮಲ್ಲಿಕಾದ್ದೋ ಕುಡಿ ತಂದು ಕಸಿ ಕಟ್ಟುತ್ತೇವೆ. ಬೇರು ನಾಟಿ, ಕೊಂಬೆ ಒಳ್ಳೆ ತಳಿ. ಹಣ್ಣಿನ ಹೆಸರು ಕೊಂಬೆಯದ್ದು. ಪೌಲ ಇದನ್ನು ತಿರುವಿ ಹಾಕುತ್ತಾನೆ. ಅವನ ತೋಟದಲ್ಲಿ ಬೇರೇ ಒಳ್ಳೆ ತಳಿ. ಕಸಿಯಾಗಿ ಬಂದದ್ದು ಕಾಡಿನ ಕೊಂಬೆ. ಇದು ಸ್ವಭಾವಕ್ಕೆ ವಿರುದ್ಧ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ರೈತರು ಸಾಮಾನ್ಯವಾಗಿ ಹೀಗೆ ಮಾಡುವುದಿಲ್ಲ, ದೇವರು ಮಾಡಿದ್ದಾನೆ. ಆದ್ದರಿಂದ ಮುರಿದುಬಿದ್ದ ಕೊಂಬೆಗಳ ಎದುರು ಹೆಚ್ಚಳಪಡಬೇಡ. ಬೇರನ್ನು ನೀನು ಹೊತ್ತಿಲ್ಲ, ಬೇರೇ ನಿನ್ನನ್ನು ಹೊತ್ತಿದೆ. ಮುರಿದ ಕೊಂಬೆಗಳನ್ನು ತಮ್ಮ ಸ್ವಂತ ಮರಕ್ಕೆ ಮತ್ತೆ ಕಸಿ ಕಟ್ಟುವುದು ದೇವರಿಗೆ ಕಷ್ಟವೇ?

ಗಮನಿಸಿ, ಪೌಲ ಮರ ಕಡಿದು ಬೇರೆ ಮರ ನೆಟ್ಟ ಕಥೆ ಹೇಳುತ್ತಿಲ್ಲ. ಎರಡು ಮರಗಳ ಕಥೆಯನ್ನೂ ಹೇಳುತ್ತಿಲ್ಲ. ಮರ ಒಂದೇ. ಮುಂದೆ ಸಭೆಯ ಇತಿಹಾಸದಲ್ಲಿ ಬಂದ ಎರಡು ದೊಡ್ಡ ತಪ್ಪುಗಳೂ ಇದನ್ನು ಮರೆತದ್ದರಿಂದ ಹುಟ್ಟಿದವು ಎಂಬುದು ನನ್ನ ನಂಬಿಕೆ.

ಮೊದಲನೆಯದು, ಮರ ಕಡಿದ ಕಥೆ. 70ರಲ್ಲಿ ರೋಮನ್ನರು ದೇವಾಲಯ ಸುಟ್ಟರು. 135ರಲ್ಲಿ ಬಾರ್ ಕೊಖ್ಬಾ ಎಂಬ ಯೆಹೂದ್ಯ ನಾಯಕನ ದಂಗೆ ಮುರಿದು ಯೆಹೂದ್ಯರನ್ನು ಜೆರುಸಲೇಮಿನಿಂದಲೇ ಓಡಿಸಿದರು. ಅಲ್ಲಿಯವರೆಗೂ ಜೆರುಸಲೇಮ್ ಸಭೆಯ ಬಿಷಪ್‌ಗಳೆಲ್ಲ ಯೆಹೂದ್ಯರೇ ಆಗಿದ್ದರು ಎಂದು ಇತಿಹಾಸಕಾರ ಯುಸೇಬಿಯಸ್ ಬರೆಯುತ್ತಾನೆ. ಆಮೇಲೆ ಬಂದವರು ಅನ್ಯಜನರು. ಸುಮಾರು 160ರ ಹೊತ್ತಿಗೆ ಜಸ್ಟಿನ್ ಎಂಬ ಕ್ರೈಸ್ತ ಲೇಖಕ, ನಿಜವಾದ ಆತ್ಮಿಕ ಇಸ್ರೇಲ್ ನಾವೇ ಎಂದು ಬರೆದ. ಒಳಗೆ ಬಿಡಿ ಎಂದು ಬಾಗಿಲಲ್ಲಿ ನಿಂತಿದ್ದವರು ನೂರು ವರ್ಷದಲ್ಲಿ ಮನೆಯೇ ನಮ್ಮದು ಎಂದರು. ಮಾರ್ಸಿಯನ್ ಎಂಬವನು ಇನ್ನೂ ಮುಂದೆ ಹೋಗಿ ಹಳೆ ಒಡಂಬಡಿಕೆಯೇ ಬೇಡ ಎಂದ. 144ರಲ್ಲಿ ರೋಮಿನ ಸಭೆ ಅವನನ್ನು ಹೊರಗೆ ಹಾಕಿತು. ಪುಸ್ತಕ ಉಳಿಯಿತು. ಪುಸ್ತಕದ ಜನರ ಮೇಲಿನ ಗೌರವ ಉಳಿಯಲಿಲ್ಲ.

386ರಲ್ಲಿ ಅಂತಿಯೋಕ್ಯದಲ್ಲಿ ಜಾನ್ ಕ್ರಿಸೊಸ್ಟಮ್ ಎಂಬ ಪಾದ್ರಿ ಯೆಹೂದ್ಯರ ವಿರುದ್ಧ ಸರಣಿ ಪ್ರಸಂಗ ಶುರು ಮಾಡಿದ. ಆ ಮಾತುಗಳು ಇವತ್ತು ಓದಿದರೂ ಮೈ ನಡುಗಿಸುತ್ತವೆ. ಆದರೆ ಯಾಕೆ ಮಾಡಿದ ಎಂಬುದನ್ನು ನೋಡಬೇಕು. ಅವನ ಸಭೆಯ ಜನ ಯೆಹೂದ್ಯರ ಹಬ್ಬಕ್ಕೆ ಹೋಗುತ್ತಿದ್ದರು, ಅವರ ಜೊತೆ ಉಪವಾಸ ಮಾಡುತ್ತಿದ್ದರು, ಕೊಂಬು ಊದುವುದನ್ನು ಕೇಳಲು ಅವರ ಪ್ರಾರ್ಥನಾ ಮಂದಿರವಾದ ಸಿನಗಾಗಿಗೆ ಹೋಗುತ್ತಿದ್ದರು. ಅಂದರೆ ಅಕ್ಕಪಕ್ಕದ ಸಾಮಾನ್ಯ ಜನ 300 ವರ್ಷವಾದರೂ ಬೇರೆಯಾಗಿರಲಿಲ್ಲ. ಬೇರೆ ಮಾಡಲು ಪೀಠದಿಂದ ಅಷ್ಟು ಕೂಗಬೇಕಾಯಿತು.

ಸ್ವಲ್ಪ ಕಾಲದಲ್ಲೇ ಬಿಷಪ್ ಅಗಸ್ಟಿನ್ ಇನ್ನೊಂದು ವಾದ ತಂದ. ಯೆಹೂದ್ಯರನ್ನು ಕೊಲ್ಲಬಾರದು, ಅವರು ನಮ್ಮ ಶಾಸ್ತ್ರಕ್ಕೆ ಸಾಕ್ಷಿಗಳು, ಚದುರಿ ಬದುಕಲಿ. ಇದು ಎಷ್ಟೋ ಜೀವ ಉಳಿಸಿತು. ಜೊತೆಗೆ ಅವರನ್ನು ಕೆಳಗೆ ಇಡುವುದಕ್ಕೂ ನೆಪವಾಯಿತು. ಸ್ಟ್ರಾಸ್‌ಬರ್ಗ್‌ನ ಕೆಥೆಡ್ರಲ್‌ಗೆ ಸುಮಾರು 1230ರಲ್ಲಿ ಎರಡು ಹೆಣ್ಣುಮೂರ್ತಿಗಳನ್ನು ಮಾಡಿದರು. ಒಬ್ಬಳು ಸಭೆ, ಕಿರೀಟ ಇಟ್ಟು ನೆಟ್ಟಗೆ ನಿಂತಿದ್ದಾಳೆ. ಇನ್ನೊಬ್ಬಳು ಸಿನಗಾಗ್. ಕಣ್ಣಿಗೆ ಬಟ್ಟೆ ಕಟ್ಟಿದೆ, ಕೈಯಲ್ಲಿ ಮುರಿದ ಈಟಿ, ತಲೆ ತಗ್ಗಿದೆ. 1543ರಲ್ಲಿ ಮಾರ್ಟಿನ್ ಲೂಥರ್ ಸಿನಗಾಗುಗಳನ್ನು ಸುಡಿ, ಪ್ರಾರ್ಥನಾ ಪುಸ್ತಕ ಕಿತ್ತುಕೊಳ್ಳಿ ಎಂದು ಬರೆದ. 20 ವರ್ಷ ಮುಂಚೆ ಇದೇ ಲೂಥರ್ ಯೇಸು ಹುಟ್ಟಿನಿಂದ ಯೆಹೂದ್ಯ, ಅವರನ್ನು ಪ್ರೀತಿಯಿಂದ ನೋಡಿ ಎಂದಿದ್ದ. ಅವರು ಮತಾಂತರವಾಗಲಿಲ್ಲ, ಅವನ ಪ್ರೀತಿ ಒಣಗಿತು. ಬಾಸೆಲ್ ಮಿಷನ್ ಪರಂಪರೆಯಲ್ಲಿ ಬಂದ ನಮ್ಮಂಥ ಪ್ರೊಟೆಸ್ಟೆಂಟರು ಲೂಥರನನ್ನು ಗೌರವದಿಂದ ನೆನೆಯುತ್ತೇವೆ. ಈ ಪುಟವನ್ನೂ ಓದಿಯೇ ನೆನೆಯಬೇಕು. ನಾಜಿಗಳು ಅದನ್ನು ಹುಡುಕಿ ತೆಗೆದು ಬಳಸಿಕೊಂಡರು.

ನಾಜಿಗಳ ಹತ್ಯಾಶಿಬಿರ ಆಶ್ವಿಟ್ಜ್‌ನಲ್ಲಿ ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡ ಫ್ರೆಂಚ್ ಇತಿಹಾಸಕಾರ ಜೂಲ್ ಇಸಾಕ್ 1960ರ ಜೂನ್ 13ರಂದು ಪೋಪ್ 23ನೇ ಜಾನ್ ಅವರನ್ನು ಭೇಟಿಯಾದರು. ಆಗ ಅವರಿಗೆ 80 ದಾಟಿತ್ತು. ಕ್ರೈಸ್ತ ಬೋಧನೆಯೊಳಗೆ ಬೆರೆತುಹೋದ ತಿರಸ್ಕಾರವನ್ನು ತಿದ್ದಿ ಎಂಬುದು ಅವರ ಬೇಡಿಕೆ. ಪೋಪ್ ಆ ಕೆಲಸವನ್ನು ಕಾರ್ಡಿನಲ್ ಬೇಯಾ ಅವರಿಗೆ ವಹಿಸಿದರು. ನಡುವೆ 1964ರ ಒಂದು ಕರಡಿನಲ್ಲಿ ಯೆಹೂದ್ಯರು ಮುಂದೊಂದು ದಿನ ಸಭೆಗೆ ಸೇರಲಿ ಎಂಬ ಆಸೆ ನುಸುಳಿತು. ಮತಾಂತರ ಅಥವಾ ಆಶ್ವಿಟ್ಜ್ ಎಂದರೆ ನಾನು ಆಶ್ವಿಟ್ಜ್‌ಗೇ ಹೋಗುತ್ತೇನೆ ಎಂದು ರಬ್ಬಿ ಅಬ್ರಹಾಂ ಹೆಶೆಲ್ ಹೇಳಿದರು. 1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 'ನೊಸ್ತ್ರಾ ಎತಾತೆ' ಎಂಬ ಘೋಷಣೆಯನ್ನು ಒಪ್ಪಿತು. ಪರವಾಗಿ 2,221, ವಿರೋಧ 88. ಯೇಸುವಿನ ಸಾವಿನ ಹೊಣೆಯನ್ನು ಆಗಿನ ಎಲ್ಲ ಯೆಹೂದ್ಯರ ಮೇಲಾಗಲಿ, ಈಗಿನ ಯೆಹೂದ್ಯರ ಮೇಲಾಗಲಿ ಹಾಕುವಂತಿಲ್ಲ ಎಂದು ಅದು ಹೇಳಿತು. ಆಧಾರಕ್ಕೆ ತೆಗೆದುಕೊಂಡದ್ದು ಅದೇ ರೋಮಾಪುರದ ಪತ್ರದ 11ನೇ ಅಧ್ಯಾಯ, ಅದೇ ಎಣ್ಣೆಮರ.

2015ರಲ್ಲಿ ವ್ಯಾಟಿಕನ್ ಇನ್ನೊಂದು ದಾಖಲೆ ಹೊರಡಿಸಿತು. ದೇವರು ಇಸ್ರೇಲಿಗೆ ಕೊಟ್ಟ ಒಡಂಬಡಿಕೆ ರದ್ದಾಗಿಲ್ಲ, ಯೆಹೂದ್ಯರನ್ನೇ ಗುರಿಯಾಗಿಟ್ಟ ಸಾಂಸ್ಥಿಕ ಮತಪ್ರಚಾರವನ್ನು ಕಥೋಲಿಕ ಸಭೆ ನಡೆಸುವುದೂ ಇಲ್ಲ, ಬೆಂಬಲಿಸುವುದೂ ಇಲ್ಲ ಎಂದಿತು. ಹಾಗಿದ್ದರೆ ಕ್ರಿಸ್ತನೊಬ್ಬನೇ ರಕ್ಷಕ ಎಂಬ ನಂಬಿಕೆ ಏನಾಯಿತು? ಅದನ್ನೂ ಬಿಟ್ಟಿಲ್ಲ. ಎರಡೂ ಒಟ್ಟಿಗೆ ಹೇಗೆ ನಿಲ್ಲುತ್ತವೆ ಎಂಬುದು ದೇವರ ರಹಸ್ಯ ಎಂದು ಆ ದಾಖಲೆ ಹೇಳುತ್ತದೆ. ಇದು ನುಣುಚಿಕೊಳ್ಳುವುದು ಎಂದು ಕೆಲವರಿಗೆ ಅನ್ನಿಸುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. 'ಇಸ್ರೇಲೆಲ್ಲ ರಕ್ಷಣೆ ಹೊಂದುವುದು' ಎಂದ ಪೌಲನೇ ಅದು ಹೇಗೆ ಎಂದು ಬಿಡಿಸಿ ಹೇಳಲಿಲ್ಲ. ಇಸ್ರೇಲೆಂದರೆ ಇಡೀ ಸಭೆ ಎಂದು ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಓದಿದ. ಕಡೆಯ ಕಾಲದಲ್ಲಿ ಕ್ರಿಸ್ತನನ್ನು ನಂಬುವ ಯೆಹೂದ್ಯ ಜನಾಂಗ ಎಂದು ಬಹಳ ಜನ ಓದುತ್ತಾರೆ. ಪೌಲ ಮಾತ್ರ ಮೂರು ಅಧ್ಯಾಯ ವಾದಿಸಿ, ಕೊನೆಗೆ ದೇವರ ಮನಸ್ಸನ್ನು ತಿಳಿದವರು ಯಾರು ಎಂದು ಕೈಮುಗಿದು ನಿಲ್ಲಿಸಿಬಿಡುತ್ತಾನೆ.

ಎರಡನೆಯ ತಪ್ಪು, ಎರಡು ಮರಗಳ ಕಥೆ. 19ನೇ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕ ಇದನ್ನು ವ್ಯವಸ್ಥಿತವಾಗಿ ಕಟ್ಟಿದ. ದೇವರಿಗೆ ಎರಡು ಜನಸಮುದಾಯಗಳಿವೆ. ಇಸ್ರೇಲಿಗೆ ಭೂಮಿಯ ವಾಗ್ದಾನ, ಸಭೆಗೆ ಪರಲೋಕದ ವಾಗ್ದಾನ. ಸಭೆ ಮೊದಲು ಮೇಲೆ ಎತ್ತಲ್ಪಡುತ್ತದೆ, ಆಮೇಲೆ ಭೂಮಿಯ ಮೇಲೆ ಮಹಾಸಂಕಟ. 1909ರಲ್ಲಿ ಬಂದ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳು ಈ ಬೋಧನೆಯನ್ನು ಮನೆಮನೆಗೆ ತಲುಪಿಸಿದವು. 1948ರಲ್ಲಿ ಇಸ್ರೇಲ್ ದೇಶ ಹುಟ್ಟಿದಾಗ, 1967ರಲ್ಲಿ ಹಳೆ ಜೆರುಸಲೇಮ್ ಅದರ ಕೈಗೆ ಬಂದಾಗ, ಪ್ರವಾದನೆ ನೆರವೇರಿತು ಎಂದು ಇವರು ಸಂಭ್ರಮಿಸಿದರು. ಅಮೆರಿಕದ ಪಾಸ್ಟರ್ ಜಾನ್ ಹೇಗೀ 2006ರಲ್ಲಿ ಇಸ್ರೇಲ್ ಬೆಂಬಲಕ್ಕೆಂದು ಒಂದು ದೊಡ್ಡ ಸಂಘಟನೆ ಕಟ್ಟಿದರು. ಒಂದು ಕೋಟಿಗಿಂತ ಜಾಸ್ತಿ ಸದಸ್ಯರಿದ್ದಾರೆ ಎಂದು ಅದು ಹೇಳಿಕೊಳ್ಳುತ್ತದೆ. 2018ರ ಮೇ 14ರಂದು ಅಮೆರಿಕ ತನ್ನ ರಾಯಭಾರ ಕಚೇರಿಯನ್ನು ಜೆರುಸಲೇಮಿನಲ್ಲಿ ತೆರೆದಾಗ ಅಲ್ಲಿ ಆಶೀರ್ವಾದ ಹೇಳಿದವರಲ್ಲಿ ಅವರೂ ಒಬ್ಬರು.

ಮೇಲ್ನೋಟಕ್ಕೆ ಇದು ಮೊದಲ ತಪ್ಪಿಗೆ ಪೂರ್ತಿ ಎದುರು. ಅಲ್ಲಿ ತಿರಸ್ಕಾರ, ಇಲ್ಲಿ ಪ್ರೀತಿ. ಅನೇಕರ ಪ್ರೀತಿ ನಿಜವಾದದ್ದೇ, ಅದನ್ನು ನಾನು ಅನುಮಾನಿಸುವುದಿಲ್ಲ. ಆದರೆ ಈ ಕಥೆ ಎಲ್ಲಿ ಮುಗಿಯುತ್ತದೆ ನೋಡಿ. ಮಹಾಸಂಕಟದಲ್ಲಿ ಯೆಹೂದ್ಯರಲ್ಲಿ ಮೂರರಲ್ಲಿ ಎರಡು ಪಾಲು ಸಾಯುತ್ತಾರೆ, ಉಳಿದವರು ಕ್ರಿಸ್ತನ ಕಡೆ ತಿರುಗುತ್ತಾರೆ ಎಂದು ಈ ಪಂಥದ ಅನೇಕ ಬೋಧಕರು ಜೆಕರ್ಯ 13:8ನ್ನು ಓದುತ್ತಾರೆ. ಅಂದರೆ ಇಲ್ಲೂ ಯೆಹೂದ್ಯ ನಮ್ಮ ನಾಟಕದ ಒಂದು ಪಾತ್ರ. ಮೊದಲ ಕಥೆಯಲ್ಲಿ ಖಳನಾಯಕ, ಎರಡನೆಯದರಲ್ಲಿ ಗಡಿಯಾರದ ಮುಳ್ಳು. ಮಕ್ಕಳು, ಹಬ್ಬ, ಭಯ, ತನ್ನದೇ ನಂಬಿಕೆ ಇರುವ ಮನುಷ್ಯ ಎರಡರಲ್ಲೂ ಇಲ್ಲ. 2023ರ ಅಕ್ಟೋಬರ್ 7ರಂದು ಹಮಾಸ್ ಸುಮಾರು 1,200 ಜನರನ್ನು ಕೊಂದಾಗ ಅವರಿಗೆ ಬೇಕಾಗಿದ್ದದ್ದು ಜೊತೆಗೆ ಅಳುವವರು. ಅಂತ್ಯಕಾಲದ ಲೆಕ್ಕ ಹಾಕುವವರು ಬೇಕಾಗಿರಲಿಲ್ಲ.

ಈ ಕಥೆಯಲ್ಲಿ ಪೂರ್ತಿ ಕಾಣೆಯಾಗುವವರು ಇನ್ನೊಬ್ಬರಿದ್ದಾರೆ. ಪ್ಯಾಲೆಸ್ತೀನಿನ ಕ್ರೈಸ್ತರು. ಬೆತ್ಲೆಹೇಮ್, ನಜರೇತ್, ಗಾಜಾಗಳಲ್ಲಿ ತಲೆತಲಾಂತರದಿಂದ ಇರುವ ಸಭೆ ಅದು. 2006ರಲ್ಲಿ ಜೆರುಸಲೇಮಿನ ಲ್ಯಾಟಿನ್ ಪೇಟ್ರಿಯಾರ್ಕ್ (ಅಲ್ಲಿನ ಕಥೋಲಿಕರ ಮುಖ್ಯಸ್ಥ) ಮಿಷೆಲ್ ಸಬ್ಬಾ ಮತ್ತು ಸಿರಿಯನ್, ಆಂಗ್ಲಿಕನ್, ಲೂಥರನ್ ಬಿಷಪ್‌ಗಳು ಒಟ್ಟಾಗಿ ಕ್ರೈಸ್ತ ಜಿಯೊನಿಸಂ, ಅಂದರೆ ಬೈಬಲಿನ ಹೆಸರಿನಲ್ಲಿ ಇಸ್ರೇಲ್ ದೇಶವನ್ನು ಬೆಂಬಲಿಸುವ ಈ ಪಂಥ, ಸುಳ್ಳು ಬೋಧನೆ ಎಂದು ಸಹಿ ಹಾಕಿದರು. 2026ರ ಜನವರಿಯಲ್ಲೂ ಜೆರುಸಲೇಮಿನ ಸಭಾ ನಾಯಕರು ಅದೇ ಎಚ್ಚರಿಕೆ ಕೊಟ್ಟರು. 2023ರ ಕ್ರಿಸ್‌ಮಸ್‌ಗೆ ಬೆತ್ಲೆಹೇಮಿನ ಲೂಥರನ್ ಚರ್ಚಿನವರು ಗೋದಲಿಯ ಬಾಲಯೇಸುವನ್ನು ಒಡೆದ ಕಲ್ಲುಗಳ ರಾಶಿಯ ನಡುವೆ ಮಲಗಿಸಿದರು. 2025ರ ಜುಲೈ 17ರಂದು ಗಾಜಾದ ಹೋಲಿ ಫ್ಯಾಮಿಲಿ ಚರ್ಚಿನ ಮೇಲೆ ಇಸ್ರೇಲಿ ಶೆಲ್ ಬಿದ್ದು 3 ಜನ ಸತ್ತರು. ಇಸ್ರೇಲ್ ವಿಷಾದ ಸೂಚಿಸಿತು. ಪವಿತ್ರ ನಾಡಿನ ಪ್ರವಾಸಕ್ಕೆ ಹೋಗುವ ನಮ್ಮವರು ಕಲ್ಲುಗಳನ್ನು ಮುಟ್ಟಿ ಬರುತ್ತಾರೆ. ಈ ಜೀವಂತ ಸಭೆಯ ಜೊತೆ ಒಂದು ಭಾನುವಾರ ಕೂತು ಬಂದವರನ್ನು ನಾನು ಕಂಡಿದ್ದು ಕಡಿಮೆ.

ಇಲ್ಲಿ ಒಂದು ಎಚ್ಚರ ಬೇಕು. ಇಸ್ರೇಲ್ ಸರ್ಕಾರವನ್ನು ಟೀಕಿಸುವ ಭರದಲ್ಲಿ ಕೆಲವರು ಮತ್ತೆ ಹಳೆಯ ಮರ ಕಡಿಯುವ ಕಥೆಗೆ ಇಳಿಯುತ್ತಿದ್ದಾರೆ. ದೇವರು ಯೆಹೂದ್ಯರನ್ನು ಬಿಟ್ಟ, ಅವರೇ ಕ್ರಿಸ್ತನನ್ನು ಕೊಂದವರು ಎಂಬ ಮಾತು ಆನ್‌ಲೈನ್‌ನಲ್ಲಿ ಮತ್ತೆ ಕೇಳುತ್ತಿದೆ. ಒಂದು ದೇಶದ ಸರ್ಕಾರವನ್ನು ಬೇರೆ ಯಾವುದೇ ಸರ್ಕಾರದಂತೆ ನ್ಯಾಯದ ಅಳತೆಯಲ್ಲಿ ನೋಡಬಹುದು, ನೋಡಲೇಬೇಕು. ಹಳೆ ಒಡಂಬಡಿಕೆಯ ಪ್ರವಾದಿಗಳು ತಮ್ಮ ಅರಸರಿಗೆ ಮಾಡಿದ್ದೂ ಅದನ್ನೇ. ಅದಕ್ಕಾಗಿ ಒಂದು ಜನಾಂಗದ ಒಡಂಬಡಿಕೆಯನ್ನು ಹರಿದುಹಾಕುವ ಹಕ್ಕು ಕಸಿಯಾಗಿ ಬಂದ ಕೊಂಬೆಗಿಲ್ಲ.

ನಮ್ಮ ಕೈಯಲ್ಲಿ ಆಗುವ ಕೆಲಸ ಸಂಡೇ ಸ್ಕೂಲಿನಿಂದ, ಶುಭ ಶುಕ್ರವಾರದಿಂದ ಶುರುವಾಗಬೇಕು. ಆ ದಿನ ಕಥೋಲಿಕ ಚರ್ಚುಗಳಲ್ಲಿ ಯೆಹೂದ್ಯರಿಗಾಗಿ ಒಂದು ಪ್ರಾರ್ಥನೆ ಇದೆ. ಹಿಂದೆ ಅದರ ಲ್ಯಾಟಿನ್ ಪಾಠದಲ್ಲಿ ಅವರನ್ನು ನಂಬಿಕೆಗೆಟ್ಟವರು ಎಂದು ಕರೆಯುತ್ತಿದ್ದರು. 23ನೇ ಜಾನ್ 1959ರಲ್ಲಿ ಆ ಪದ ತೆಗೆಸಿದರು. ಈಗ ದೇವರ ವಾಕ್ಯವನ್ನು ಮೊದಲು ಕೇಳಿದ ಜನ ಎಂದು ಅವರನ್ನು ನೆನೆಯುತ್ತಾರೆ. ನಮ್ಮ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ನಾನು ಬೆಳೆದ ಕಾಲದ ಶುಭ ಶುಕ್ರವಾರದ ನಾಟಕಗಳಲ್ಲಿ ಯೆಹೂದ್ಯರೆಂದರೆ ಗಡ್ಡ ಬಿಟ್ಟು, ಶಿಲುಬೆಗೆ ಹಾಕಿಸು ಎಂದು ಅರಚುವವರು ಮಾತ್ರ. ಮಕ್ಕಳಿಗೆ ಕಥೆ ಹೇಳುವಾಗ ಎಲ್ಲರನ್ನೂ ಹೆಸರು ಹಿಡಿದು ತೋರಿಸಬೇಕು. ದಾರಿಯುದ್ದಕ್ಕೂ ಎದೆ ಬಡಿದುಕೊಂಡು ಅತ್ತ ಹೆಂಗಸರು ಯೆಹೂದ್ಯರು. ಶಿಲುಬೆಯ ಬಳಿ ನಿಂತ ತಾಯಿ ಯೆಹೂದ್ಯಳು. ಹೆಣ ಕೇಳಿ ಪಡೆದು ತನ್ನ ಸಮಾಧಿ ಕೊಟ್ಟ ಅರಿಮಥಾಯದ ಯೋಸೇಫ ಯೆಹೂದ್ಯ. ಸತ್ತವನೂ ಯೆಹೂದ್ಯ, ಅವನ ತಲೆಯ ಮೇಲಿನ ಫಲಕದಲ್ಲೇ ಹಾಗೆ ಬರೆದಿತ್ತು. ಮೊಳೆ ಹೊಡೆದ ರೋಮನ್ ಸೈನಿಕರು ಅನ್ಯಜನರು.